ಎಡಗಡೆಯ ಕಿಡ್ನಿ

ಜನವರಿ 9, ಗುರುವಾರ

ಇವತ್ತು ಮತ್ತೆ ಪರೀಕ್ಷೆಗೆ ನನ್ನ ಮೂತ್ರದ ಕ್ಯಾನು. ಇಪ್ಪತ್ತನಾಲ್ಕು ಗಂಟೆಯದು. ಚೀಲದಲ್ಲಿಟ್ಟುಕೊಂಡು ಟ್ರಾಮಿನಲ್ಲಿ ಆಸ್ಪತ್ರೆಗೆ ಒಯ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಚೀಲದೊಳಗೆ ಇಣುಕಿ, "ಸೇಬಿನ ರಸನಾ? ಮನೇಲೇ ಹಿಂಡಿದ್ದಾ?" ಎಂದಳು. ಹೌದು ಎಂದುಬಿಟ್ಟೆ.

ಮೈನಸ್ ಒಂಬತ್ತು ಡಿಗ್ರಿ. ನಾನಿರುವ ದ್ವೀಪದಲ್ಲಾದರೆ ಸಮುದ್ರದ ಗಾಳಿಯಾದರೂ ಇರುತ್ತದೆ. ತಮ್ಮನಿರುವ ಈ ಹಾಲೆ ಊರಿನಲ್ಲಿ ಚಳಿ ಅಲ್ಲಾಡದೆ ನಿಂತಿರುತ್ತದೆ.

ಯೋರ್ನ್‌ಗೆ ಅಜ್ಜಿಯ ಕಥೆ ಹೇಳಿದೆ. ನಕ್ಕು ನಕ್ಕು ಕೆಮ್ಮು ಬಂತು ಅವನಿಗೆ. ನನ್ನ ತಮ್ಮ. ನಲವತ್ತೊಂಬತ್ತು. ಇದೇ ಟ್ರಾಮು ಓಡಿಸುತ್ತಿದ್ದವನು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅಷ್ಟೇ. ಬಾಯಾರಿದರೆ ಐಸ್ ತುಂಡು ಚೀಪುತ್ತಾನೆ. ಆ ಸದ್ದು ನನ್ನಿಂದ ಕೇಳಲಾಗುವುದಿಲ್ಲ.

ನನ್ನ ಕಿಡ್ನಿ ಅವನಿಗೆ ಹೊಂದುತ್ತದಂತೆ. ಆಪರೇಷನ್ ಇಪ್ಪತ್ತೆರಡಕ್ಕೆ.

ಜನವರಿ 11, ಶನಿವಾರ

ಆನಗ್ರೇಟ್, ಅವನ ಹೆಂಡತಿ, ನನಗೆ ಉಣ್ಣೆಯ ಸೊಂಟಪಟ್ಟಿ ಹೆಣೆದಿದ್ದಾಳೆ. ಸೊಂಟಕ್ಕೆ ಥಂಡಿ ತಾಗಬಾರದಂತೆ. "ಹಾಕ್ಕೊಳ್ಳಿ ಅತ್ತಿಗೆ, ನಾಚಿಕೆ ಏನು" ಎಂದು ತಾನೇ ಎಳೆದು ಕೂರಿಸಿದಳು. ಯೋರ್ನ್ ಸೋಫಾದಿಂದಲೇ, "ಎಡಗಡೆಯದು ನನ್ನದು ಕಣಕ್ಕಾ. ಜೋಪಾನ. ಇವತ್ತು ಹೇಗಿದೆ ಅದು? ಊಟ ಮಾಡ್ತಾ?" ಎಂದ.

ಮೂವರೂ ನಕ್ಕೆವು. ಬಚ್ಚಲಿಗೆ ಹೋಗಿ ಎಡಪಕ್ಕೆಯ ಮೇಲೆ ಕೈಯಿಟ್ಟು ನಿಂತೆ. ಎಷ್ಟು ಹೊತ್ತೋ.

ಭಯ. ಬರೀ ಭಯವೇ ಆಗಿದ್ದರೆ ಚೆನ್ನಾಗಿತ್ತು. ಅಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ದಳು. ಮಗ್ಗುಲು ತಿರುಗಿಸಿದ್ದು ನಾನು, ಬಟ್ಟೆ ಬದಲಿಸಿದ್ದು ನಾನು. ಇವನು ಬಂದದ್ದು ಎರಡು ಸಲ. ಎರಡನೆಯದು ಮಣ್ಣಿಗೆ.

ಛೀ. ಕಾಯಿಲೆಯವನ ಮನೆಯಲ್ಲಿ ಕೂತು ಇದನ್ನು ಬರೆಯುವುದೇ?

ಜನವರಿ 14, ಮಂಗಳವಾರ

ಹತ್ತೂವರೆಗೆ ಸಮಿತಿ. ಕಾನೂನಿನ ಪ್ರಕಾರ ಕಿಡ್ನಿ ಕೊಡುವವರನ್ನು ಒಬ್ಬರನ್ನೇ ಕೂರಿಸಿ ಕೇಳುತ್ತಾರೆ. ಒಬ್ಬ ಡಾಕ್ಟರ್, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬಳು ವಕೀಲೆ. ಉತ್ತರಗಳನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಎಲ್ಲ ಸರಿಯಾಗೇ ಹೇಳುತ್ತಿದ್ದೆ.

ಆಗ ಆ ವಕೀಲೆ, "ನೀವು ಬೇಡ ಅಂದ್ರೆ ಮನೇಲಿ ಏನಾಗುತ್ತೆ?" ಎಂದಳು.

ನಾನೇ ತಿರುಗಿ ಕೇಳಿದೆ — "ಬೇಡ ಅನ್ನಬಹುದಾ?"

"ಈಗಲೂ ಅನ್ನಬಹುದು. ಆಪರೇಷನ್ ಟೇಬಲ್ ಮೇಲೆ ಮಲಗಿಯೂ ಅನ್ನಬಹುದು."

ಅತ್ತುಬಿಟ್ಟೆ. ಐವತ್ನಾಲ್ಕು ವರ್ಷದ ಹೆಂಗಸು, ಮೂವರು ಅಪರಿಚಿತರ ಮುಂದೆ. ಬೇಡ ಎಂದೆ.

ಆಸ್ಪತ್ರೆಯಲ್ಲಿ ನನ್ನನ್ನು ಪರೀಕ್ಷಿಸುತ್ತಿದ್ದ ಡಾಕ್ಟರ್ ಕ್ರೋನ್ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ಮನೆಯವರಿಗೆ, ವೈದ್ಯಕೀಯ ಕಾರಣಕ್ಕೆ ಆಗಲ್ಲ ಅಂತಷ್ಟೇ ಹೇಳ್ತೀವಿ. ಅದಕ್ಕಿಂತ ಹೆಚ್ಚು ಒಂದಕ್ಷರ ಬರಲ್ಲ."

ಹಗುರವಾಯಿತು. ನಾಚಿಕೆಯಾಗುವಷ್ಟು ಹಗುರ.

ಅದೇ ದಿನ, ಸಂಜೆ

ಯೋರ್ನ್‌ಗೆ ಆಸ್ಪತ್ರೆಯಿಂದ ಫೋನ್ ಬಂತು. ಕೇಳಿಸಿಕೊಂಡ, ಇಟ್ಟ. ನನ್ನ ಕಡೆ ತಿರುಗಿದ. "ಅಕ್ಕಾ, ನಿನಗೇನೂ ಆಗಿಲ್ಲ ತಾನೇ?"

ತನ್ನ ಬಗ್ಗೆ ಒಂದು ಮಾತಿಲ್ಲ. ಆನಗ್ರೇಟ್ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಇದ್ದಳು.

ಜನವರಿ 18, ಶನಿವಾರ

ಮೂರು ದಿನ ಬರೆಯಲಾಗಲಿಲ್ಲ. ಗುರುವಾರವೇ ಹೊರಡಬೇಕಿತ್ತು. ಯೋರ್ನ್ ಬಿಡಲಿಲ್ಲ. ಅವನು ನನ್ನ ಕಿಡ್ನಿಯಲ್ಲಿ ಏನೋ ಇದೆ ಎಂದು ಹೆದರಿದ್ದಾನೆ. ನನ್ನ ಕಾಫಿಗೆ ಸಕ್ಕರೆ ಕಮ್ಮಿ ಮಾಡಿಸಿದ್ದಾನೆ, ಬೇಕನ್ ಮಾಂಸ ಮುಟ್ಟಲು ಬಿಡುತ್ತಿಲ್ಲ. ಇವತ್ತು ತನ್ನ ಡಾಕ್ಟರಿಗೇ ಫೋನ್ ಮಾಡಿ ಸೋಮವಾರಕ್ಕೆ ನನ್ನ ಹೆಸರು ಬರೆಸಿದ. "ನನಗಾದ ಹಾಗೆ ನಿನಗೆ ಆಗೋದು ಬೇಡ. ನಾನೂ ಮೊದಲು ಏನಿಲ್ಲ ಅಂತಲೇ ಇದ್ದೆ" ಎಂದ. ಕಣ್ಣು ಒದ್ದೆಯಾಗಿತ್ತು.

ಇನ್ನು ಆಗುವುದಿಲ್ಲ ನನಗೆ.

ಜನವರಿ 19, ಭಾನುವಾರ

ಹೇಳಿದೆ.

ಊಟವಾದ ಮೇಲೆ ಯೋರ್ನ್ ಮತ್ತು ನಾನು ಜಾಲೆ ನದಿ ದಂಡೆಗೆ ಹೋದೆವು. ಅಂಚಿನಲ್ಲಿ ನೀರು ಗಟ್ಟಿಯಾಗಿತ್ತು. ಬೆಂಚಿನ ಮೇಲಿನ ಹಿಮ ಕೊಡವಿ ಕೂತ. ನಾನು ನಿಂತೇ ಹೇಳಿದೆ. ಕಾಯಿಲೆ ಏನೂ ಇಲ್ಲ. ನಾನೇ ಬೇಡ ಅಂದೆ.

ಬಾತುಕೋಳಿಗಳ ಕಡೆ ಮುಖ ತಿರುಗಿಸಿದ. "ಅಮ್ಮನ ವಿಷಯಕ್ಕಾ?"

"ಗೊತ್ತಿಲ್ಲ. ಭಯನೂ ಆಯ್ತು. ಯಾವುದು ಎಷ್ಟು ಅಂತ ಗೊತ್ತಿಲ್ಲ ಕಣೋ."

"ಅಂದ್ರೆ ನಿನಗೆ ಕಾಯಿಲೆ ಇಲ್ಲ."

"ಇಲ್ಲ."

"ಸದ್ಯ." ಆಮೇಲೆ, ಅದೇ ಉಸಿರಿನಲ್ಲಿ — "ಥೂ ನಿನ್ನ! ಐದು ದಿನದಿಂದ ನಿದ್ದೆ ಮಾಡಿಲ್ಲ ನಾನು. ನಿನಗೋಸ್ಕರ! ಬೇಡ ಅಂದಿದ್ದು ಹೋಗಲಿ. ಅದನ್ನ ಯಾಕೆ ನನಗೆ ಹೇಳಲಿಲ್ಲ? ನಾನೇನು ಪೊಲೀಸಾ?"

ಎದ್ದ. ನೆಲವೆಲ್ಲ ಮಂಜುಗಡ್ಡೆ. ಎರಡು ಹೆಜ್ಜೆಗೆ ಜಾರಿದ. ಹಿಡಿದುಕೊಂಡೆ. ಕೈ ಕಿತ್ತುಕೊಳ್ಳಲು ನೋಡಿದ, ಕಾಲಿಗೆ ಬಲವಿಲ್ಲ. ಮನೆಯವರೆಗೂ ನನ್ನ ತೋಳು ಹಿಡಿದುಕೊಂಡೇ ಬೈದ. ಅಮ್ಮನನ್ನು ನೋಡಲು ಬರದಿದ್ದದ್ದಕ್ಕೆ ತನ್ನನ್ನೂ ಬೈದುಕೊಂಡ. ಆ ಕೋಣೆಯ ವಾಸನೆಗೆ ಹೆದರಿದ್ದನಂತೆ. ಇಷ್ಟು ವರ್ಷ ನನಗೆ ಹೇಳಿರಲಿಲ್ಲ.

"ಆನಗ್ರೇಟ್‌ಗೆ ಹೇಳಬೇಡ" ಎಂದ ಮೆಟ್ಟಿಲಲ್ಲಿ. "ಅವಳು ಕ್ಷಮಿಸಲ್ಲ."

"ನೀನು?"

ಬೀಗ ತೆಗೆದ.

ಜನವರಿ 20, ಸೋಮವಾರ, ಬೆಳಿಗ್ಗೆ 9.40

ಆನಗ್ರೇಟ್‌ಗೂ ಹೇಳಿದೆ. ಅವನಿಗೆ ಆಗದ ಪೊಟ್ಯಾಷಿಯಂ ಹೋಗಲೆಂದು ಆಲೂಗಡ್ಡೆ ನೆನೆಹಾಕಿದ್ದ ನೀರು ಬಸಿಯುತ್ತಿದ್ದಳು. ತಿರುಗಿ ನೋಡಲಿಲ್ಲ. "ಸಂಜೆ ರೈಲಿಗೆ ಹೊರಡಿ ಅತ್ತಿಗೆ" ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಬೆಳಗಿನ ರೈಲಿಗೇ ಹೋಗುತ್ತೇನೆ ಎಂದು ಪೆಟ್ಟಿಗೆ ಎತ್ತಿಕೊಂಡೆ. ಯೋರ್ನ್ ಬಾಗಿಲಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದ. "ಡಯಾಲಿಸಿಸ್‌ಗೆ ಜೊತೆಗೆ ಬಾ. ಒಂದು ಸಲ ನೋಡು. ಮಾತಾಡಬೇಕು ಅಂತೇನಿಲ್ಲ."

ಈಗ ಅವನ ಕುರ್ಚಿಯ ಪಕ್ಕದಲ್ಲಿದ್ದೇನೆ. ಎಡಗೈಯಿಂದ ಎರಡು ನಳಿಕೆ. ಒಂದರಲ್ಲಿ ರಕ್ತ ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ. ಇಷ್ಟು ಕಡು ಕೆಂಪು ಎಂದು ಗೊತ್ತಿರಲಿಲ್ಲ. ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದೆ.

"ಏನದು ಬರೀತಾ ಇರೋದು? ನನ್ನ ಬಗ್ಗೆನಾ?"

ಹೌದು ಎಂದೆ.

"ಓದು. ಇನ್ನೂ ಮೂರು ಗಂಟೆ ನನಗೇನು ಕೆಲಸ."

"ಬೇಡ ಕಣೋ. ಚೆನ್ನಾಗಿಲ್ಲ ಇದು."

"ನಾನೇನು ಚೆನ್ನಾಗಿದೀನಾ? ಮೊದಲಿಂದ ಓದು. ಬಿಡದೆ ಓದು."

ಕಣ್ಣು ಮುಚ್ಚಿ ಕಾಯುತ್ತಿದ್ದಾನೆ. ಮೊದಲ ಪುಟಕ್ಕೆ ತಿರುಗಿಸುತ್ತಿದ್ದೇನೆ.