ಹೊತ್ತು ಮುಳುಗುವ ಮುಂಚೆ

ಗಡಹಿಂಗ್ಲಜ,
೪ ಡಿಸೆಂಬರ್ ೧೯೬೩

ಅಕಿವಾಟದಲ್ಲಿರುವ ನನ್ನ ಅವ್ವನಿಗೆ ಮಂಗಲಳ ಜಯಜಿನೇಂದ್ರ.

ದೀಪಾವಳಿಗೆ ಬಂದವಳು ಹಬ್ಬ ಮುಗಿಯುವ ಮೊದಲೇ ಬಸ್ಸು ಹತ್ತಿದಳೆಂದು ಸಿಟ್ಟಾಗಿರಬೇಕು. ದವಾಖಾನೆಯಲ್ಲಿ ಕೆಲಸವಿದೆ ಎಂದಿದ್ದೆ. ಇತ್ತು ಅನ್ನು, ಹೆರಿಗೆ ವಾರ್ಡಿಗೆ ನಾನೊಬ್ಬಳೇ ನರ್ಸು. ಆದರೆ ಅಡುಗೆಮನೆಯ ಹೊಸ್ತಿಲ ಹೊರಗೆ ಬೇರೆ ತಾಟು ಇಟ್ಟು, "ಪರದೇಶದಾಗ ಏನೇನ್ ತಿಂದೀಯೋ ಏನೋ, ಅಲ್ಲೇ ಕೂಡವ್ವಾ" ಅಂದೆಯಲ್ಲ, ಅದಕ್ಕೇ ಎದ್ದು ಹೊರಟುಬಿಟ್ಟೆ. ಏನು ತಿಂದೆ ಎಂದು ಒಂದು ಮಾತು ಕೇಳಬಾರದಿತ್ತೇ? ಹೋಗಲಿ, ನಾನೇ ಹೇಳುತ್ತೇನೆ.

ದಿನ ತುಂಬದ ಕೂಸುಗಳನ್ನು ಉಳಿಸುವುದು ಕಲಿಯಲೆಂದು ಕೊಲಂಬೊ ಯೋಜನೆಯವರು ನನ್ನನ್ನು ನ್ಯೂಜಿಲೆಂಡಿಗೆ ಕಳಿಸಿದರಲ್ಲ, ಅಲ್ಲಿ ಜೂನ್ ಅಂದರೆ ಚಳಿಗಾಲ. ಐದಕ್ಕೆಲ್ಲ ಕತ್ತಲು, ನನ್ನ ಪಾಳಿ ಮುಗಿಯುವುದು ಅದರಾಚೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂದು ಕಲಿಸಿದವಳು ನೀನು. ನೀರು ಸಹ ಮುಟ್ಟದೆ ಮಲಗುತ್ತಿದ್ದೆ. ಒಂದು ದಿನ ವಾರ್ಡಿನಲ್ಲೇ ತಲೆ ತಿರುಗಿ ಬಿದ್ದೆ. ಪುಣ್ಯಕ್ಕೆ ಕೈಯಲ್ಲಿ ಕೂಸಿರಲಿಲ್ಲ.

ಮೇಟ್ರನ್ ಮಿಸ್ ಹಾರ್ಡಿಂಗ್ ಗದರಿಸಿ ಕೇಳಿದಾಗ ನಮ್ಮ ರೂಢಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಮರುದಿನದಿಂದ ವಾರ್ಡಿನ ಬಾಗಿಲಿಗೆ ಬಂದು, ಮಂಗಲ, ನಿನ್ನ ಸೂರ್ಯ ಹೊರಟ, ಏಳು, ಎನ್ನುತ್ತಿದ್ದಳು. ನಾನು ಉಂಡು ಬರುವ ತನಕ ನನ್ನ ಕೂಸುಗಳನ್ನು ತಾನೇ ನೋಡುತ್ತಿದ್ದಳು. ಊಟವೇನು ಮಹಾ! ಬ್ರೆಡ್ಡು, ಹಾಲು, ಬೇಯಿಸಿದ ಬಟಾಣಿ. ಸಪ್ಪೆ ಅಂದರೆ ಸಪ್ಪೆ! ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು, ಆ ಖಾರದ ಪುಡಿಯನ್ನೇ, ಚಿಟಿಕೆ ಚಿಟಿಕೆ ಉದುರಿಸಿಕೊಂಡು ವರ್ಷ ದೂಡಿದೆ.

ಈಗ ಅದೇ ಮಿಸ್ ಹಾರ್ಡಿಂಗ್ ನಮ್ಮ ನರ್ಸುಗಳಿಗೆ ಕಲಿಸಲು ಕೊಲ್ಹಾಪುರಕ್ಕೆ ಬರುತ್ತಿದ್ದಾಳೆ. ನಿನ್ನಿಂದ ಕಲಿಯುವುದೂ ಇದೆಯಂತೆ. ಕೂಸಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ನೀರು ಎರೆಯುವುದರಲ್ಲಿ ನಮ್ಮವ್ವನನ್ನು ಮೀರಿಸುವವರಿಲ್ಲ ಎಂದು ಅಲ್ಲಿ ಡಂಗುರ ಹೊಡೆದವಳು ನಾನೇ. ಸಂಕ್ರಾಂತಿ ಆದ ಮೇಲೆ ಕರೆತರಬೇಕೆಂದಿದ್ದೇನೆ.

ಆಕೆಗೆ ಬೇಕಾದರೆ ಬೇರೆ ತಾಟು ಇಡು, ಬೇಸರಪಡುವವಳಲ್ಲ. ನನ್ನದು ಮಾತ್ರ ಒಳಗೆ, ನಿನ್ನ ಮಗ್ಗುಲಿಗೆ ಇರಲಿ. ಅವ್ವ ನನ್ನನ್ನು ಬಿಟ್ಟು ಉಣ್ಣುವವಳೇ ಅಲ್ಲ ಎಂದೂ ಆಕೆಗೆ ಹೇಳಿಬಿಟ್ಟಿದ್ದೇನೆ. ನಿನ್ನಿಂದ ಆಗದಿದ್ದರೆ ಎರಡು ಸಾಲು ಬರೆ. ತಮ್ಮ ಸುಕುಮಾರ ಆಕೆಯನ್ನು ಕರೆದುಕೊಂಡು ಬರಲಿ, ನಾನು ಇಲ್ಲೇ ಉಳಿಯುತ್ತೇನೆ.

ನಿನ್ನ ಮಗಳು,
ಮಂಗಲ

ತಾ.ಕ.: ಮಿಸ್ ಹಾರ್ಡಿಂಗ್ ತನ್ನ ಕಾಗದದ ಕೊನೆಯಲ್ಲಿ, ಈಗ ಹೊತ್ತು ಮುಳುಗುವ ಮುಂಚೆ ನಿನ್ನ ಅವ್ವ ಕರೆಯುತ್ತಾಳಲ್ಲ, ನನಗೆ ಚಿಂತೆಯಿಲ್ಲ, ಎಂದು ಬರೆದಿದ್ದಾಳೆ. ಇಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ ಅವ್ವಾ. ಎಷ್ಟೋ ದಿನ ನೀರು ಸಹ ಮುಟ್ಟದೆ ಮಲಗುತ್ತೇನೆ.