ಎಣಿಸದ ಸ್ಲೈಡು

12 ಫೆಬ್ರವರಿ 2001, ಸೋಮವಾರ

ಇವತ್ತೂ ನಲವತ್ತು ಸ್ಯಾಂಪಲ್. ವಿನೋಬನಗರದ ಈ ಲ್ಯಾಬಿಗೆ ಬಂದು ಹನ್ನೆರಡು ವರ್ಷ. ಅರ್ಧ ಶಿವಮೊಗ್ಗ ನನಗೆ ರಕ್ತಸಂಬಂಧಿ.

ಹತ್ತೂವರೆಗೆ ಭದ್ರಾವತಿಯಿಂದ ಹೊನ್ನಯ್ಯ ಎಂಬ ಹಿರಿಯರು. ಕಬ್ಬಿಣದ ಕಾರ್ಖಾನೆಯ ತೂಕದ ಮನೆಯಲ್ಲಿದ್ದು ರಿಟೈರ್ ಆದವರು. ಟಿಫಿನ್ ಡಬ್ಬಿಯಲ್ಲಿ ಹತ್ತಿ, ಹತ್ತಿಯೊಳಗೆ ಮೊಮ್ಮಗಳ ರಕ್ತದ ಶೀಶೆ. ಮಗುವಿಗೆ ಇಪ್ಪತ್ತೊಂದು ದಿನ. ಎಂಟು ದಿನದಿಂದ ಜ್ವರ. ಆಂಟಿಬಯಾಟಿಕ್‌ಗೆ ಜಗ್ಗುತ್ತಿಲ್ಲ.

ಸಂಜೆ ರಿಪೋರ್ಟನ್ನು ನಿಂತೇ ಓದಿದರು.

"ಎಲ್ಲದಕ್ಕೂ ನಂಬರ್ ಹಾಕಿದೀರಿ. ಪ್ಲೇಟ್‌ಲೆಟ್ ಮುಂದೆ ಮಾತ್ರ 'ಅಡಿಕ್ವೇಟ್' ಅಂತಿದೆ. ಹಂಗಂದ್ರೆ?"

"ಸಾಕಷ್ಟಿದೆ ಅಂತ."

"ಸಾಕಷ್ಟು ಅಂದ್ರೆ ಎಷ್ಟು ಮಾರಾಯ್ರೆ? ನಾನು ಹಂಗೆ ಬರೆದಿದ್ರೆ ಚೀಟಿ ಮುಖಕ್ಕೆ ಎಸೀತಿದ್ರು."

"ಲಾರಿ ತೂಗೋದು ಬೇರೆ ಯಜಮಾನ್ರೆ. ಇದು ಜಾಸ್ತಿ ಇದ್ದಷ್ಟೂ ಲಾಭ."

ನಕ್ಕೆ. ಅವರು ನಗಲಿಲ್ಲ.

ಜ್ವರದವರಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗಿದೆಯೇ ಎಂಬುದೊಂದೇ ಎಲ್ಲರ ಪ್ರಶ್ನೆ. ಕಡಿಮೆಯಿಲ್ಲವೆಂದು ಕಂಡರೆ ಯಾರು ಎಣಿಸುತ್ತಾರೆ? ಆ ಒಂದು ಪದ ಬರೆದು, ಮೈಕ್ರೋಸ್ಕೋಪಿನಡಿ ಮುಂದಿನ ಸ್ಲೈಡ್. ಸೊಂಟ ನೋವು... ಸಾಕು.

15 ಫೆಬ್ರವರಿ, ಗುರುವಾರ

ಮತ್ತೆ ಹೊನ್ನಯ್ಯ, ಮತ್ತೆ ಡಬ್ಬಿ. ಜೊತೆಗೆ ಮಕ್ಕಳ ಡಾಕ್ಟರ್ ಉಮಾಮಹೇಶ್ವರಿಯವರ ಚೀಟಿ — ಪ್ಲೇಟ್‌ಲೆಟ್ ಎಣಿಸಿಯೇ ಕಳಿಸಬೇಕು. ಮುದುಕರ ಕೆಲಸ. ಮೂರು ದಿನದಿಂದ ನಂಬರ್ ನಂಬರ್ ಎಂದು ಡಾಕ್ಟರ ತಲೆ ತಿಂದಿದ್ದಾರೆ.

ಎಣಿಸಿದೆ. ಒಂಬತ್ತು ಲಕ್ಷ ಅರವತ್ತು ಸಾವಿರ. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಅಷ್ಟೇ. ಇರಬೇಕಾದದ್ದು ಹೆಚ್ಚೆಂದರೆ ನಾಲ್ಕೂವರೆ.

ಫೋನ್ ಮಾಡಿದೆ. ಡಾಕ್ಟರ್ ನಂಬರನ್ನು ಇನ್ನೊಮ್ಮೆ ಹೇಳಿಸಿದರು.

"ರಕ್ತದ ಕಲ್ಚರ್‌ನಲ್ಲಿ ಯಾವ ರೋಗಾಣುವೂ ಬೆಳೀಲಿಲ್ಲ. ತುಟಿ ಕೆಂಪಗಿತ್ತು. ಇವತ್ತು ಬೆರಳ ತುದಿ ಸುಲೀತಿದೆ. ಇದು ಕಾವಾಸಾಕಿ ಇರಬೇಕು."

"ಬೈಕಲ್ವಾ ಮೇಡಂ?" — ಬಾಯಿ ಜಾರಿತು.

"ಕಾಯಿಲೆ ಕಣ್ರೀ. ರಕ್ತನಾಳ ಊದ್ಕೊಳ್ಳುತ್ತೆ, ಹೃದಯದ್ದೂ. ಇಷ್ಟು ಎಳೆ ಮಗೂಲಿ ನಾನು ನೋಡೇ ಇಲ್ಲ, ಓದಿದ್ದಷ್ಟೇ. ಜ್ವರ ಬಂದ ಹತ್ತು ದಿನದೊಳಗೆ ಔಷಧಿ ಹೋಗ್ಬೇಕು. ಇವತ್ತು ಹನ್ನೊಂದು." ಆಮೇಲೆ, "ಸೋಮವಾರ ಸರಿಯಾಗೇ ಇತ್ತಲ್ವಾ? ಮೂರೇ ದಿನದಲ್ಲಿ ಏರಿದ್ದಾ?"

"ಹೂಂ," ಎಂದೆ.

ಮಧ್ಯಾಹ್ನವೇ ಮಗುವನ್ನು ಕರೆದುಕೊಂಡು ಮಣಿಪಾಲದ ಆಸ್ಪತ್ರೆಗೆ ಹೊರಟರಂತೆ.

ಸಂಜೆ 5

ಸೋಮವಾರದ ಸ್ಲೈಡ್ ಡಬ್ಬದಲ್ಲೇ ಇತ್ತು, ವಾರವಾಗುವವರೆಗೆ ಎಸೆಯುವುದಿಲ್ಲ. ತೆಗೆದು ಎಣಿಸಿದೆ.

ಎಂಟು ಲಕ್ಷ ಇಪ್ಪತ್ತು ಸಾವಿರ.

'ಕಾವು ಸಾಕು' ಎಂದೊಂದು ಪನ್ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆ.

19 ಫೆಬ್ರವರಿ

ಮೂವತ್ತೆಂಟು ಸ್ಯಾಂಪಲ್. ಎಲ್ಲದರ ಪ್ಲೇಟ್‌ಲೆಟ್ ಎಣಿಸಿದೆ. ಎರಡು ಗಂಟೆ ತಡ. ಲ್ಯಾಬಿನ ಯಜಮಾನ ಶಂಕರನಾರಾಯಣ — "ಏನ್ರೀ, ನಕ್ಷತ್ರ ಎಣಿಸ್ತಿದೀರಾ? ಹೊರಗೆ ಜನ ಬೈತಿದಾರೆ."

ಕಣ್ಣು ಉರಿ. ಆ ಸೋಮವಾರದ ಸ್ಲೈಡ್ ಎಸೆಯುವ ದಿನ. ಎಸೆದಿಲ್ಲ.

3 ಮಾರ್ಚ್, ಶನಿವಾರ

ಹೊನ್ನಯ್ಯ ಬಂದಿದ್ದರು. ಅದೇ ಡಬ್ಬಿ, ಈ ಸಲ ಕೋಡುಬಳೆ. ಡ್ರಿಪ್ ಕೊಟ್ಟ ಮಾರನೆಯ ದಿನವೇ ಜ್ವರ ಬಿಟ್ಟಿತಂತೆ. ಆದರೆ ಹೃದಯದ ಒಂದು ರಕ್ತನಾಳ ಉಬ್ಬಿದೆ. ಇಳಿದರೂ ಇಳಿಯಬಹುದು, ಇಳಿಯದೆಯೂ ಇರಬಹುದು.

"ಮೂರು ದಿನ ಮುಂಚೆ ಬಂದಿದ್ರೆ ಅಂದ್ರು ಅಲ್ಲಿ. ಗೊತ್ತಾಗಿದ್ದೇ ಗುರುವಾರ, ಎಲ್ಲಿಂದ ಬರೋದು? ನೀವು ಎಣಿಸಿದ್ದಕ್ಕೆ ಇಷ್ಟಾದ್ರೂ ಆಯ್ತು."

ಕೋಡುಬಳೆ ಕೈಯಲ್ಲೇ ಉಳಿಯಿತು.

ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ದಿನದಿನದ ಜ್ವರ, ಮಗುವಿನ ತೂಕ, ಪ್ಲೇಟ್‌ಲೆಟ್ — ತೂಕದ ಮನೆಯ ದುಂಡು ಅಕ್ಷರ. ಒಂದೇ ಒಂದು ಚೌಕ ಖಾಲಿ.

"ಆ ಮೊದಲ್ನೇ ಸೋಮವಾರದ ಪ್ಲೇಟ್‌ಲೆಟ್ ಬರೆದಿಲ್ಲ. ಮಣಿಪಾಲದವ್ರು ಕೇಳ್ತಾರೆ. ಅಂದಾಜು ಬೇಡ, ಗೊತ್ತಿದ್ರೆ ಮಾತ್ರ ಹೇಳಿ."

ಪೆನ್ನಿನ ಕ್ಯಾಪ್ ತೆಗೆದು ಕಾದರು.

"ಎಂಟು ಲಕ್ಷ ಇಪ್ಪತ್ತು ಸಾವಿರ," ಎಂದೆ.

ಬರೆದರು. ಪಕ್ಕದ ಗುರುವಾರದ ನಂಬರಿನ ಮೇಲೆ ಬೆರಳಿಟ್ಟರು. ಮತ್ತೆ ಸೋಮವಾರದ್ದರ ಮೇಲೆ. ಕನ್ನಡಕ ತೆಗೆದು, ತಲೆ ಎತ್ತಿ, "ಹಂಗಾದ್ರೆ ಸೋಮವಾರಾನೇ ಇತ್ತು," ಎಂದರು.