ಕೆಂಪು ದೀಪಕ್ಕೆ ಕಪ್ಪು ಟೇಪು

ಗುರುವಾರ, ೧೪

ರೈಲು ನಿಲ್ದಾಣದ ದೊಡ್ಡ ಗಡಿಯಾರದ ಕೆಳಗೆ ಕಾಯುವ ಜನರ ಮೇಲೆ ನನ್ನ ಸಾಕ್ಷ್ಯಚಿತ್ರ. ಆದರೆ ಕ್ಯಾಮೆರಾ ಓಡುತ್ತಿದೆ ಎಂದರೆ ಸಾಕು, ಎಲ್ಲರೂ ಗ್ರೂಪ್ ಫೋಟೋಗೆ ನಿಂತ ಹಾಗೆ ಸೆಟೆದುಕೊಳ್ಳುತ್ತಾರೆ. ಅದಕ್ಕೇ ಇವತ್ತು, ಅದು ಓಡುವಾಗ ಉರಿಯುವ ಕೆಂಪು ದೀಪಕ್ಕೆ ಕಪ್ಪು ಟೇಪು ಅಂಟಿಸಿದೆ. ಮೊದಲು ಸಿಕ್ಕಿಬಿದ್ದವಳು ಅಮ್ಮ!

ಊಟದ ಡಬ್ಬಿ ತಂದವಳು ಕ್ಯಾಮೆರಾ ಎದುರೇ ನಿಂತು ಶುರುಮಾಡಿದಳು. "ಹೋಗೋ ಬರೋರ ಮುಖ ನೋಡ್ಕೊಂಡು ನಿಲ್ಲೋದೂ ಒಂದು ಕೆಲ್ಸಾನೇನೇ? ಹೊತ್ತಿಗೆ ಸರಿಯಾಗಿ ತಿನ್ನೋಕೂ ಆಗಲ್ವಾ?" ಹಮಾಲಿ ಅಮ್ಮನ ಪಕ್ಷ ವಹಿಸಿದ. ಟೀ ಮಾರುವವಳು ನನ್ನ ಪರವಾಗಿ ಅವನ ಮೇಲೆ ಏರಿಹೋದಳು. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬರೂ ಸೆಟೆದುಕೊಳ್ಳಲಿಲ್ಲ. ಚಿತ್ರ ಗೆದ್ದಿತು ಎಂದು ಆಗಲೇ ಗೊತ್ತಾಯಿತು.

ಮನೆಗೆ ಬಂದು ಅಮ್ಮನಿಗೆ ನಿಜ ಹೇಳಿದೆ.

"ಅಯ್ಯೋ, ತಲೆನಾದ್ರೂ ಬಾಚ್ಕೊಂಡು ಬರ್ತಿದ್ನಲ್ಲೇ! ಅದನ್ನ ಅಳಿಸಿಬಿಡು. ನಾಳೆ ಬಂದು ಚೆನ್ನಾಗಿ ಬೈತೀನಿ."

ಅಳಿಸುವ ಮಾತೇ ಇಲ್ಲ. ನಾಳೆ ತೋರಿಸಿ ಒಪ್ಪಿಸುತ್ತೇನೆ, ಒಪ್ಪದೆ ಎಲ್ಲಿ ಹೋಗುತ್ತಾಳೆ? ಈಗ ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿದೆ. ಅವಳ ಕೂದಲನ್ನು ಯಾರು ನೋಡುತ್ತಾರೆ! ಬಾಯಿ ನನ್ನನ್ನು ಬೈಯುತ್ತಲೇ ಇದೆ. ಎಡಗೈ ಮಾತ್ರ ಅಡ್ಡ ಚಾಚಿಕೊಂಡು, ನುಗ್ಗಿ ಬರುವವರು ಕ್ಯಾಮೆರಾಗೆ ತಾಗದ ಹಾಗೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸುತ್ತಿದೆ.